ಕನ್ನಂಬಾಡಿಯ ದಂಡೆಯಲ್ಲಿ ಶರತ್ಕಾಲದ ಒಂದು ದಿನ

ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗುವ ಆಶ್ವಯುಜ, ಕಾರ್ತಿಕ ಮಾಸಗಳನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಹೊಲದಲ್ಲಿ ರಾಗಿ ತೆನೆಯೊಡೆದು ನಿಂತಿರುತ್ತದೆ. ಕಳೆ ತೆಗೆಯುವ ಕೆಲಸ ಮುಗಿದಿರುತ್ತದೆ, ಕೊಯ್ಲಿಗೆ ಇನ್ನೂ ದಿನಗಳಿರುತ್ತವೆ. ಬಿಂಡಿಗನವಿಲೆ ಸೀಮೆಯ ಬೇಸಾಯದ ಕುಟುಂಬಗಳು ವರ್ಷದಲ್ಲಿ ಒಂದು ದಿನವನ್ನು ತಮಗಾಗಿ ತೆಗೆದಿಡಬಹುದಾದ ಬಿಡುವು ಇದೇ. ಆಯುಧಪೂಜೆ ಕಳೆಯುತ್ತಿದ್ದಂತೆ ಭಕ್ತರು ನಮ್ಮನ್ನು ಕೇಳುವುದುಂಟು: ಮನೆಯಲ್ಲಿ ವಯಸ್ಸಾದವರಿದ್ದಾರೆ, ಮಕ್ಕಳಿಗೆ ರಜೆಯಿದೆ, ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವಂಥ ಒಂದು ಸ್ಥಳವನ್ನು ಹೇಳಿ ಎಂದು. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ನಾವು ಹೇಳಹೊರಟಿರುವುದು ಎಲ್ಲರೂ ಬಲ್ಲ ಸ್ಥಳವನ್ನೇ. ಕೃಷ್ಣರಾಜಸಾಗರ, ಅದರ ಕೆಳಗಿನ ಬೃಂದಾವನ, ಅದರ ಹಿನ್ನೀರಿನ ದಂಡೆಯಲ್ಲಿರುವ ಹೊಸ ಕನ್ನಂಬಾಡಿ. ಎಲ್ಲರೂ ಬಲ್ಲ ಸ್ಥಳವಾದ ಕಾರಣಕ್ಕೇ ಅಲ್ಲಿ ಎಚ್ಚರ ತಪ್ಪುವುದು ಹೆಚ್ಚು. ಕಳೆದ ವರ್ಷ ಇಂಥವೇ ದಿನಗಳಲ್ಲಿ ಸುತ್ತಲ ಹಳ್ಳಿಗಳ ಭಕ್ತರೊಡನೆ ನಾವೂ ಅಲ್ಲಿಗೆ ಹೋಗಿಬಂದೆವು. ಅಲ್ಲಿ ಕಂಡುದನ್ನೂ, ದೇಹದ ಹಿತಕ್ಕೆ ಬೇಕಾದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಋತುವಿನ ಮಾತು. ಶರತ್ಕಾಲ ಕಣ್ಣಿಗೆ ತಂಪಾಗಿ ಕಂಡರೂ ದೇಹಕ್ಕೆ ಅಷ್ಟು ಸುಲಭವಾದ ಕಾಲವಲ್ಲ. ಮಳೆಗಾಲದ ತಂಪಿಗೆ ಒಗ್ಗಿಕೊಂಡಿದ್ದ ಶರೀರದ ಮೇಲೆ ಮೋಡವಿಲ್ಲದ ಸೂರ್ಯನ ಬಿಸಿಲು ಒಮ್ಮೆಲೇ ಬೀಳುವುದರಿಂದ, ಅದುವರೆಗೆ ಸಂಚಯವಾಗಿದ್ದ ಪಿತ್ತವು ಕೆರಳುತ್ತದೆ ಎಂಬುದು ಚರಕಸಂಹಿತೆಯ ವಿವರಣೆ. ಎದೆಯುರಿ, ಹುಳಿತೇಗು, ಕಣ್ಣುರಿ, ಮೈಮೇಲೆ ಗಂಧೆ, ಸುಮ್ಮಸುಮ್ಮನೆ ಸಿಡುಕು, ಇವು ಈ ತಿಂಗಳುಗಳಲ್ಲಿ ಹೆಚ್ಚಾಗುವುದನ್ನು ಮನೆಯ ತಾಯಂದಿರೂ ಬಲ್ಲರು. ಆದುದರಿಂದ ಸಿಹಿ, ಕಹಿ ರಸಗಳ ಲಘುವಾದ ಆಹಾರವನ್ನು ಹಸಿವಾದಾಗ ಮಾತ್ರ ಉಣ್ಣಬೇಕೆಂದೂ, ಬಿಸಿಲು ಕಾಯುವುದು, ಎಣ್ಣೆ ಜಿಡ್ಡು, ಹಗಲುನಿದ್ದೆ, ರಾತ್ರಿಯ ಇಬ್ಬನಿ, ಮೊಸರು ಇವುಗಳಿಂದ ದೂರವಿರಬೇಕೆಂದೂ ಆ ಗ್ರಂಥವು ಶರದೃತುಚರ್ಯೆಯಲ್ಲಿ ವಿಧಿಸುತ್ತದೆ.

ಇಲ್ಲಿ ಒಂದು ತೊಡಕಿದೆ. ಪ್ರವಾಸವೆಂದರೆ ನಮ್ಮವರು ಕಟ್ಟುವ ಬುತ್ತಿ ಮೊಸರನ್ನ, ಪುಳಿಯೋಗರೆ, ಜೊತೆಗೆ ಎಣ್ಣೆಯಲ್ಲಿ ಕರಿದ ತಿಂಡಿ. ಶಾಸ್ತ್ರ ಬೇಡವೆಂದ ಮೂರೂ ಅದರಲ್ಲಿವೆ! ಮೊಸರನ್ನವನ್ನು ಬಿಟ್ಟೇಬಿಡಿ ಎಂದು ನಾವು ಹೇಳಿದರೆ ಯಾರೂ ಕೇಳಲಾರರು. ಕೇಳಬೇಕಾದ ಅಗತ್ಯವೂ ಆರೋಗ್ಯವಂತರಿಗಿಲ್ಲ. ಆದರೆ ಹಿಂದಿನ ದಿನ ಹೆಪ್ಪು ಹಾಕಿದ ಮೊಸರು ಮುಚ್ಚಿದ ಡಬ್ಬಿಯಲ್ಲಿ, ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ನಡುಹಗಲವರೆಗೆ ಕುಳಿತರೆ ಹುಳಿಯುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ತಂಡದ ತಾಯಂದಿರು ಕಂಡುಕೊಂಡ ದಾರಿ ಚೆನ್ನಾಗಿತ್ತು. ಅಕ್ಕಿರೊಟ್ಟಿ, ಹೆಸರುಕಾಳಿನ ಒಣಪಲ್ಯ, ತೆಳುವಾದ ಚಟ್ನಿಪುಡಿ. ಕುಡಿಯಲು ಜೀರಿಗೆ, ಕೊತ್ತಂಬರಿ ಬೆರೆಸಿದ ನೀರುಮಜ್ಜಿಗೆ, ಅದನ್ನೂ ಬೆಳಗಿನ ಹೊತ್ತಿನಲ್ಲೇ ಕುಡಿದು ಮುಗಿಸಿದರು. ಹಣ್ಣಿಗೆ ಸೀಬೆ, ಬಾಳೆ. ಊಟ ಮುಗಿದ ಮೇಲೆ ಯಾರಿಗೂ ಮೈ ಭಾರವಾಗಲಿಲ್ಲ, ಮರದ ನೆರಳು ಕಂಡೊಡನೆ ಮಲಗುವ ಆಸೆಯೂ ಹುಟ್ಟಲಿಲ್ಲ.

ಬಿಂಡಿಗನವಿಲೆಯಿಂದ ಬೆಳಿಗ್ಗೆ ಆರಕ್ಕೆ ಮೊದಲೇ ಹೊರಡುವುದು ಲೇಸು. ನಾಗಮಂಗಲವನ್ನು ಹಾದು, ಮೇಲುಕೋಟೆಗೆ ದಾರಿ ಕವಲೊಡೆಯುವ ಜಕ್ಕನಹಳ್ಳಿಯನ್ನು ದಾಟಿ ಪಾಂಡವಪುರದತ್ತ ಇಳಿಯುವಾಗ ಕಿಟಕಿಯಾಚೆ ಕಣ್ಣಿಡಬೇಕು. ನಮ್ಮ ಕಡೆಯ ರಾಗಿ, ಹುರುಳಿ, ತೆಂಗು, ಬಂಡೆಗಲ್ಲಿನ ಗುಡ್ಡಗಳು ಹಿಂದೆ ಉಳಿಯುತ್ತ, ಕ್ರಮೇಣ ಕಬ್ಬು ಮತ್ತು ಬತ್ತದ ಗದ್ದೆಗಳು ಎದುರಾಗುತ್ತವೆ. ಒಂದೇ ಜಿಲ್ಲೆ, ಆದರೆ ನೀರು ಹರಿದ ನೆಲ ಬೇರೆ, ಹರಿಯದ ನೆಲ ಬೇರೆ. ಮಂಡ್ಯದ ಬಯಲಿಗೆ ಹಸುರು ತಂದದ್ದು ಅಣೆಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ. ಅದನ್ನು ತೋಡಿದ ಕಾಲದಲ್ಲಿ ಅದಕ್ಕೆ ಇರ್ವಿನ್ ನಾಲೆ ಎಂದು ಹೆಸರಿತ್ತು.

ಬೃಂದಾವನಕ್ಕೆ ನೇರವಾಗಿ ಹೋಗದೆ ಮೊದಲು ಹೊಸ ಕನ್ನಂಬಾಡಿಗೆ ಹೋಗಬೇಕೆಂಬುದು ನಮ್ಮ ಸಲಹೆ. ಇದಕ್ಕೆ ಎರಡು ಕಾರಣಗಳುಂಟು. ಒಂದು ಕಾರಣ ಆರೋಗ್ಯದ್ದು: ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯದ ವಿಶಾಲವಾದ ಕಲ್ಲುಹಾಸು ಬೆಳಗಿನಲ್ಲಿ ತಂಪಾಗಿದ್ದು, ಹನ್ನೊಂದು ಗಂಟೆಯ ಹೊತ್ತಿಗೆ ಕಾದುಬಿಡುತ್ತದೆ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರಲ್ಲಿ ಎಷ್ಟೋ ಮಂದಿಗೆ ಅಂಗಾಲಿನ ಸ್ಪರ್ಶಜ್ಞಾನ ಕುಂದಿರುತ್ತದೆ. ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದರೂ ಅವರಿಗೆ ಸುಡುವುದು ತಿಳಿಯದು. ಮನೆಗೆ ಬಂದು ನೋಡಿದಾಗ ಬೊಬ್ಬೆ, ವಾರ ಕಳೆದಾಗ ವಾಸಿಯಾಗದ ಹುಣ್ಣು. ಹೀಗೆ ಆರಂಭವಾದ ಹುಣ್ಣು ಬೆರಳು ಕತ್ತರಿಸುವವರೆಗೆ ಹೋಗುವ ಸಂಭವವುಂಟು. ಅಂಥವರು ದಪ್ಪನೆಯ ಹತ್ತಿಯ ಕಾಲುಚೀಲ ಧರಿಸಿಯೇ ದೇಗುಲದೊಳಗೆ ನಡೆಯಲಿ. ದೇವರಿಗೆ ಅದರಿಂದ ಅಪಚಾರವಾಗದು.

ಎರಡನೆಯ ಕಾರಣ, ಆ ಉದ್ಯಾನವನ್ನು ನೋಡುವ ಮೊದಲು ಅದು ಏತರ ಕೆಳಗೆ ಅರಳಿದೆ ಎಂಬುದನ್ನು ತಿಳಿದಿರಬೇಕೆಂಬುದು.

ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟುವ ಕೆಲಸ 1911ರ ನವೆಂಬರಿನಲ್ಲಿ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂಡಿಸಿ ಕಟ್ಟಿದ ಆ ಕಟ್ಟೆ ಪೂರ್ಣಗೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. ಜಲಾಶಯದ ಪೂರ್ಣಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ ಅಡಿ. ಕೊಡಗಿನಿಂದ ಬರುವ ಕಾವೇರಿ, ನಮ್ಮ ಕೆ.ಆರ್. ಪೇಟೆಯ ಸೀಮೆಯನ್ನು ಹಾದು ಬರುವ ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಆ ನೀರಿನಲ್ಲಿ ಒಂದಾಗುತ್ತವೆ. ಈ ಅಂಕಿಗಳನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಆ ನೀರು ನಿಂತ ನೆಲದಲ್ಲಿ ಅದಕ್ಕೆ ಮೊದಲು ಊರುಗಳಿದ್ದವು. ಅವುಗಳಲ್ಲಿ ಕನ್ನಂಬಾಡಿಯೂ ಒಂದು. ಕಣ್ವ ಋಷಿಯ ಹೆಸರಿನಿಂದ ಆ ಊರಿಗೆ ಹೆಸರು ಬಂತೆಂದು ಸ್ಥಳಪುರಾಣ ಹೇಳುತ್ತದೆ. ಹೊಯ್ಸಳರ ಕಾಲದ ದೇಗುಲ, ಮನೆಗಳು, ಕಣಗಳು, ಹಿರಿಯರ ಸಮಾಧಿಗಳು ಎಲ್ಲವನ್ನೂ ನೀರಿಗೆ ಬಿಟ್ಟು ಜನ ಮೇಲಿನ ದಂಡೆಗೆ ಬಂದು ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ದೇವರ ಮೂರ್ತಿ ಅವರೊಡನೆ ಬಂತು. ಕಲ್ಲಿನ ಗುಡಿ ಅಲ್ಲಿಯೇ ನಿಂತಿತು.

ಸುಮಾರು ಏಳು ದಶಕಗಳ ಕಾಲ ಆ ಗುಡಿ ನೀರಿನಡಿಯಲ್ಲಿತ್ತು. ಮಳೆ ಕೈಕೊಟ್ಟು ಜಲಾಶಯ ತಳ ಕಂಡ ವರ್ಷಗಳಲ್ಲಿ ಮಾತ್ರ ಅದರ ಮಂಟಪಗಳು ಹೊರಗೆ ತಲೆಯೆತ್ತುತ್ತಿದ್ದವು. ಜನ ಕೆಸರಿನಲ್ಲಿ ನಡೆದುಹೋಗಿ ನೋಡಿ ಬರುತ್ತಿದ್ದರು. ಗುಡಿ ಕಾಣುವುದೆಂದರೆ ಬರಗಾಲವೆಂದೇ ಅರ್ಥ. ಹೀಗೆ ತನ್ನ ಊರಿನ ದೇವಾಲಯವನ್ನು ನೋಡಿ ಸಂತೋಷಪಡಬೇಕೋ ಮಳೆಯಿಲ್ಲದುದಕ್ಕೆ ದುಃಖಿಸಬೇಕೋ ತಿಳಿಯದ ಸ್ಥಿತಿಯಲ್ಲಿ ಒಂದು ಊರು ಎರಡು ಮೂರು ತಲೆಮಾರುಗಳನ್ನು ಕಳೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಉದ್ಯಮಿ ಶ್ರೀಹರಿ ಖೋಡೆಯವರ ನೆರವಿನಿಂದ ಗುಡಿಯ ಕಲ್ಲುಗಳಿಗೆ ಗುರುತು ಹಾಕಿ, ಒಂದೊಂದಾಗಿ ಬಿಚ್ಚಿ, ದಂಡೆಯ ಮೇಲೆ ತಂದು ಮತ್ತೆ ಜೋಡಿಸಲಾಯಿತು. ಈಗ ಜಲಾಶಯ ತುಂಬಿದಾಗ ನೀರು ದೇವಾಲಯದ ಹೊರಗೋಡೆಯ ಸಮೀಪಕ್ಕೇ ಬರುತ್ತದೆ.

ನಮ್ಮ ತಂಡದಲ್ಲಿ ಬಿಂಡಿಗನವಿಲೆಯ ಕಡೆಯ ಹಿರಿಯ ತಾಯಿಯೊಬ್ಬರಿದ್ದರು. ಕಟ್ಟೆಯ ಮೇಲೆ ಕುಳಿತು ಆ ನೀರಿನ ವಿಸ್ತಾರವನ್ನು ಬಹಳ ಹೊತ್ತು ನೋಡಿ, "ಇಷ್ಟೊಂದು ನೀರು ಇಲ್ಲೈತೆ, ನಮ್ಮೂರ ಕೆರೆಗೆ ಮಾತ್ರ ಬರನಿಲ್ವಲ್ಲಪ್ಪ" ಎಂದರು. ಪಕ್ಕದಲ್ಲಿ ದನ ಮೇಯಿಸುತ್ತಿದ್ದ ಸ್ಥಳೀಯರೊಬ್ಬರು ನಕ್ಕು, "ನಮ್ಮೂರೇ ಇದರೊಳಗೈತೆ, ಅಜ್ಜಿ" ಎಂದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸರ್ಕಾರದ ಕಾಗದದಲ್ಲಿ ಇದು ಕೃಷ್ಣರಾಜಸಾಗರ. ಸುತ್ತಲ ಹಳ್ಳಿಗರ ಬಾಯಲ್ಲಿ ಇಂದಿಗೂ ಕನ್ನಂಬಾಡಿ ಕಟ್ಟೆಯೇ. ಯಾವ ಊರನ್ನು ಮುಳುಗಿಸಿತೋ ಆ ಊರಿನ ಹೆಸರನ್ನೇ ಕಟ್ಟೆಯು ಹೊತ್ತು ನಿಂತಿದೆ.

ಊಟವನ್ನು ನೆರಳಿರುವೆಡೆ ಮುಗಿಸಿಕೊಂಡು ಬೃಂದಾವನಕ್ಕೆ ಬರಬೇಕು. ಬಿಸಿಲು ಇಳಿದ ಮೇಲೆ, ಮೂರೂವರೆ ನಾಲ್ಕರ ಹೊತ್ತಿಗೆ ಒಳಹೊಕ್ಕರೆ ಸಾಕು. 1927ರಲ್ಲಿ ಆರಂಭಿಸಿ 1932ರಲ್ಲಿ ಮುಗಿಸಿದ ಈ ಉದ್ಯಾನ ದಿವಾನ್ ಮಿರ್ಜಾ ಇಸ್ಮಾಯಿಲ್‌ರವರ ಕನಸು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಂತಗಳಲ್ಲಿ ಇದನ್ನು ರೂಪಿಸಿದವರು ಜರ್ಮನಿಯಿಂದ ಬಂದು ಮೈಸೂರು ಸಂಸ್ಥಾನದ ತೋಟಗಾರಿಕೆಗೆ ಬಾಳನ್ನೇ ಸವೆಸಿದ ಜಿ.ಎಚ್. ಕೃಂಬಿಗಲ್. ಸುಮಾರು 60 ಎಕರೆಯ ವಿಸ್ತಾರ. ಹಿಂದೆ ಎತ್ತರದಲ್ಲಿ ನಿಂತ ಜಲಾಶಯದ ಒತ್ತಡವೇ ಕಾರಂಜಿಗಳನ್ನು ಚಿಮ್ಮಿಸುವಂತೆ ಯೋಜಿಸಿದ್ದು ಆ ಕಾಲದ ಜಾಣ್ಮೆ.

ಆರೋಗ್ಯದ ದೃಷ್ಟಿಯಿಂದ ಇದು ಬಹು ಒಳ್ಳೆಯ ನಡಿಗೆಯ ತಾಣ. ವಯಸ್ಕರು ವಾರಕ್ಕೆ 150 ನಿಮಿಷಗಳಾದರೂ ಮೈ ಬೆಚ್ಚಗಾಗುವಷ್ಟು ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಲದಲ್ಲಿ ದುಡಿಯುವವರಿಗೆ ಈ ಮಾತು ನಗೆ ತರಿಸೀತು. ಆದರೆ ಈಚೆಗೆ ನಮ್ಮ ಹಳ್ಳಿಗಳಲ್ಲೂ ಟ್ರ್ಯಾಕ್ಟರು, ದ್ವಿಚಕ್ರ ವಾಹನ, ಮೊಬೈಲುಗಳು ನಡಿಗೆಯನ್ನು ಕಸಿದುಕೊಂಡಿವೆ. ನಗರದಿಂದ ರಜೆಗೆ ಬಂದ ಮಕ್ಕಳ ಮಾತಂತೂ ಹೇಳಬೇಕಾಗಿಲ್ಲ. ಉದ್ಯಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋಗಿಬರುವಷ್ಟರಲ್ಲಿ ಒಂದು ಗಂಟೆಯ ನಡಿಗೆ ಯಾರಿಗೂ ಅರಿವಾಗದಂತೆ ಆಗಿಹೋಗುತ್ತದೆ.

ಆದರೆ ಮೆಟ್ಟಿಲುಗಳ ಬಗೆಗೆ ಗಮನವಿರಲಿ. ಮೊಣಕಾಲು ನೋವಿನವರು ಹತ್ತುವುದಕ್ಕೆ ಹೆದರುತ್ತಾರೆ. ವಾಸ್ತವವಾಗಿ ಮಂಡಿಯ ಮೇಲೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ಇಳಿಯುವಾಗ ನೋವಿರುವ ಕಾಲನ್ನು ಮೊದಲು ಕೆಳಗಿಡಬೇಕು, ಹತ್ತುವಾಗ ಗಟ್ಟಿಯಾದ ಕಾಲನ್ನು ಮೊದಲು ಮೇಲಿಡಬೇಕು, ಕೈಗೆ ಒಂದು ಊರುಗೋಲಿರಬೇಕು. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಉಸಿರು ಸಾಲದಿದ್ದರೆ ನಿಲ್ಲುವುದೇ ಸರಿ. ಎದೆ ಬಿಗಿತ, ಎಡದೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಅದನ್ನು ಆಯಾಸವೆಂದು ತಳ್ಳಿಹಾಕದೆ ಅಲ್ಲಿಯೇ ಕುಳ್ಳಿರಿಸಿ 108ಕ್ಕೆ ಕರೆಮಾಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರು ಪ್ರವಾಸದ ಗಡಿಬಿಡಿಯಲ್ಲಿ ಔಷಧಿ ತೆಗೆದುಕೊಂಡು ಊಟ ತಡಮಾಡುವುದು ಅಪಾಯ. ಕೈ ನಡುಗಿ, ಬೆವೆತು, ಮಾತು ತೊದಲಿದರೆ ಒಡನೆಯೇ ಬೆಲ್ಲವನ್ನೋ ಸಕ್ಕರೆ ಕಲಸಿದ ನೀರನ್ನೋ ಕೊಡಬೇಕು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು.

ತಾಯಂದಿರ ವಿಷಯದಲ್ಲಿ ಇನ್ನೊಂದು ಮಾತು. ದಾರಿಯಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಬೆಳಗಿನಿಂದ ನೀರನ್ನೇ ಕುಡಿಯದೆ ಕುಳಿತವರು ನಮ್ಮ ಬಸ್ಸಿನಲ್ಲಿಯೂ ಇದ್ದರು. ಶರತ್ಕಾಲದ ಬಿಸಿಲಿನಲ್ಲಿ ಇದು ತಲೆನೋವು, ಮೂತ್ರದ ಉರಿ, ಸೋಂಕುಗಳಿಗೆ ನೇರವಾದ ದಾರಿ. ಪ್ರವಾಸವನ್ನು ಏರ್ಪಡಿಸುವ ಗಂಡಸರು ಊಟ ಎಲ್ಲಿ ಎಂದು ಯೋಚಿಸುವಷ್ಟೇ ಆಸ್ಥೆಯಿಂದ ಶೌಚಾಲಯ ಎಲ್ಲಿದೆ ಎಂಬುದನ್ನೂ ಮೊದಲೇ ವಿಚಾರಿಸಿ ಬಸ್ಸಿನಲ್ಲಿ ಎಲ್ಲರಿಗೂ ಹೇಳಬೇಕು. ನಾಗಮಂಗಲ, ಪಾಂಡವಪುರಗಳ ಬಸ್ ನಿಲ್ದಾಣಗಳಲ್ಲಿ ನಿಲ್ಲಿಸಿದರೆ ಹತ್ತು ನಿಮಿಷ ತಡವಾಗುತ್ತದೆ, ಅಷ್ಟೇ.

ತಿಳಿನೀರಿನ ಮೋಸ

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಇದು. ಶರತ್ಕಾಲದಲ್ಲಿ ನದಿಯ ಕೆಂಪು ಇಳಿಯುತ್ತದೆ. ಆಷಾಢ, ಶ್ರಾವಣಗಳಲ್ಲಿ ಮರಗಳನ್ನೇ ಹೊತ್ತು ಭೋರ್ಗರೆಯುತ್ತಿದ್ದ ಕಾವೇರಿ ಈಗ ತಿಳಿಯಾಗಿ, ತಳದ ಕಲ್ಲು ಕಾಣುವಂತೆ ಹರಿಯುತ್ತದೆ. ಆಗ ಹೆದರಿ ದೂರ ನಿಂತವರೇ ಈಗ ಪ್ಯಾಂಟು ಮಡಿಸಿ ಇಳಿಯುತ್ತಾರೆ. ಅಣೆಕಟ್ಟೆಯಿಂದ ಕೆಳಗೆ ಬಲಮುರಿ, ಎಡಮುರಿಗಳಲ್ಲಿ ಹಳೆಯ ಕಟ್ಟೆಯ ಮೇಲಿಂದ ಹಾಲಿನ ತೆರೆಯಂತೆ ನೀರು ಜಾರುವುದನ್ನು ಕಂಡರೆ ಯಾರ ಮನಸ್ಸೂ ಸೋಲುವಂಥದೇ. ಆದರೆ ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ ಕಾಲು ನಿಲ್ಲದು. ಕಟ್ಟೆಯ ಬುಡದಲ್ಲಿ ನೀರು ಬಿದ್ದೆಡೆ ಅದು ಮುಂದಕ್ಕೆ ಹರಿಯದೆ ಒಳಗೊಳಗೇ ಹಿಂದಕ್ಕೆ ಸುತ್ತುತ್ತದೆ. ಅದರಲ್ಲಿ ಸಿಕ್ಕವರು ಎಷ್ಟೇ ಈಜು ಬಲ್ಲವರಾದರೂ ಹೊರಬರುವುದು ಕಷ್ಟ. ನಮ್ಮ ಬಿಂಡಿಗನವಿಲೆಯ ಕಡೆಯ ಹುಡುಗರು ಈಜು ಕಲಿತಿದ್ದರೆ ಬಾವಿಯಲ್ಲಿ, ಕೆರೆಯಲ್ಲಿ ಕಲಿತಿರುತ್ತಾರೆ. ನಿಂತ ನೀರಿನ ಈಜು ಹರಿಯುವ ನೀರಿನಲ್ಲಿ ಉಪಯೋಗಕ್ಕೆ ಬಾರದು ಎಂಬುದನ್ನು ಅವರಿಗೆ ಮನೆಯಲ್ಲಿಯೇ ತಿಳಿಸಿ ಕಳುಹಿಸಬೇಕು.

ಮತ್ತೊಂದು ಸಂಗತಿ. ಮುಂಗಾರಿನಲ್ಲಿ ಜಲಾಶಯ ತುಂಬಿದ ವರ್ಷಗಳಲ್ಲಿ ಆಶ್ವಯುಜದ ಹೊತ್ತಿಗೆ ಅದರಲ್ಲಿ ಇನ್ನಷ್ಟು ನೀರಿಗೆ ಎಡೆಯಿರುವುದಿಲ್ಲ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಮೇಲೆ ಹಾಸನದಲ್ಲೋ ಕೊಡಗಿನಲ್ಲೋ ಬಲವಾಗಿ ಸುರಿದರೆ, ಬಂದ ನೀರನ್ನೆಲ್ಲ ಕೆಳಗೆ ಬಿಡದೆ ಬೇರೆ ದಾರಿಯಿಲ್ಲ. ನಾವು ನಿಂತಲ್ಲಿ ಬಿಸಿಲಿರುತ್ತದೆ, ಮೋಡದ ಸುಳಿವೂ ಇರುವುದಿಲ್ಲ. ಆದರೂ ಮೊಣಕಾಲಷ್ಟಿದ್ದ ನೀರು ನೋಡನೋಡುತ್ತ ಎದೆಮಟ್ಟಕ್ಕೆ ಏರಬಹುದು. ನೀರಿನ ಲೆಕ್ಕವನ್ನು ಪತ್ರಿಕೆಗಳು ಕ್ಯೂಸೆಕ್‌ಗಳಲ್ಲಿ ಕೊಡುತ್ತವೆ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು, ಎರಡು ದೊಡ್ಡ ಬಿಂದಿಗೆಗಳಷ್ಟು. 2018 ಮತ್ತು 2019ರ ಮಳೆಗಾಲಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಕ್ಯೂಸೆಕ್ ನೀರನ್ನು ಈ ಕಟ್ಟೆಯಿಂದ ಬಿಡಬೇಕಾಯಿತು. ಸೆಕೆಂಡಿಗೆ ಎರಡು ಲಕ್ಷ ಬಿಂದಿಗೆ! ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿನ ಪಕ್ಷಿಧಾಮದ ನಡುಗಡ್ಡೆಗಳು ಮುಳುಗಿ, ಹಕ್ಕಿಗಳ ಗೂಡುಗಳು ಕೊಚ್ಚಿಹೋದವು, ದೋಣಿವಿಹಾರ ನಿಂತಿತು. ಇನ್ನೂ ಹಿಂದಿನ ಮಾತೆಂದರೆ 1924ರ ಜುಲೈ. ಕಟ್ಟೆಯ ಕೆಲಸ ಇನ್ನೂ ಮುಗಿಯದಿದ್ದ ಆ ವರ್ಷ ಕಾವೇರಿಗೆ ಬಂದ ಮಹಾಪೂರ ಕೊಡಗಿನಿಂದ ತಮಿಳುನಾಡಿನವರೆಗೆ ಊರುಗಳನ್ನು ನೀರಿನಲ್ಲಿ ನಿಲ್ಲಿಸಿತು. ಕಟ್ಟೆ ಬಂದ ಮೇಲೆ ಪ್ರವಾಹ ಮುಗಿದ ಕಥೆ ಎಂದುಕೊಳ್ಳುವುದು ತಪ್ಪು. ತುಂಬಿದ ಕಟ್ಟೆಗೆ ಪ್ರವಾಹವನ್ನು ತಡೆಯುವ ಶಕ್ತಿಯಿರದು. ಅದನ್ನು ದಾಟಿಸುವುದಷ್ಟೇ ಅದರ ಕೆಲಸ.

ಆದುದರಿಂದ ಹೊರಡುವ ದಿನ ಬೆಳಿಗ್ಗೆ ಪತ್ರಿಕೆಯಲ್ಲೋ ದೂರವಾಣಿಯಲ್ಲೋ ಕೃಷ್ಣರಾಜಸಾಗರದ ನೀರಿನ ಮಟ್ಟ ಮತ್ತು ಹೊರಹರಿವನ್ನು ನೋಡಿಕೊಳ್ಳಬೇಕು. ಮಟ್ಟ 124 ಅಡಿಯ ಆಸುಪಾಸಿನಲ್ಲಿದ್ದು ಒಳಹರಿವು ಏರುತ್ತಿದ್ದರೆ ಅಂದು ನದಿಪಾತ್ರದ ಬಳಿಗೆ ಹೋಗುವ ಯೋಚನೆಯನ್ನೇ ಬಿಡಬೇಕು. ಉದ್ಯಾನದ ಕಟ್ಟೆಯ ಮೇಲಿಂದ ನೋಡಿದರೂ ನದಿ ನದಿಯೇ. ತುಲಾಮಾಸದ ಸ್ನಾನವನ್ನು ಶ್ರೀರಂಗಪಟ್ಟಣದಲ್ಲಿ ಮಾಡಿಬರುವ ಸಂಕಲ್ಪವುಳ್ಳವರು ಸೋಪಾನವಿರುವೆಡೆ, ಕೊನೆಯ ಒಣ ಮೆಟ್ಟಿಲಿನ ಮೇಲೆ ಕುಳಿತು ತಂಬಿಗೆಯಿಂದ ಮೈಮೇಲೆ ನೀರು ಹಾಕಿಕೊಳ್ಳಲಿ. ತಲೆ ಮುಳುಗಿಸಿದರೇ ಪುಣ್ಯವೆಂಬ ನಂಬಿಕೆಗಾಗಿ ವೃದ್ಧರನ್ನು ಹರಿಯುವ ನೀರಿಗೆ ಇಳಿಸುವುದು ನಮಗೆ ಸರಿ ತೋರದು. ಮಕ್ಕಳು ನೀರಿನ ಬಳಿಯಿರುವಷ್ಟು ಹೊತ್ತೂ ಒಬ್ಬ ಹಿರಿಯರು ಬೇರೇನೂ ಮಾಡದೆ, ಫೋಟೋ ತೆಗೆಯದೆ, ಮಾತಿಗೆ ಕೂರದೆ ಅವರನ್ನೇ ನೋಡುತ್ತಿರಬೇಕು. ಎಲ್ಲರೂ ಇದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಯಾರಾದರೂ ನೀರಿಗೆ ಸಿಕ್ಕಿಕೊಂಡರೆ ಉಳಿದವರು ಮಾಡುವ ಮೊದಲ ಕೆಲಸ ಹಾರುವುದು. ಒಬ್ಬರ ಜೊತೆಗೆ ಇಬ್ಬರು ಮೂವರು ಹೋಗುವುದು ಹೀಗೆಯೇ. ಹಾರಬೇಡಿ. ಹಗ್ಗ, ಪಂಚೆ, ಗಂಟು ಹಾಕಿದ ಸೀರೆ, ಉದ್ದನೆಯ ಕೊಂಬೆ, ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ದಂಡೆಯಲ್ಲಿ ಮಲಗಿಕೊಂಡು ಚಾಚಿರಿ. ಕೂಗಿ ಜನ ಸೇರಿಸಿರಿ. ಮೇಲೆ ತಂದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಿರುಗಿಸುವುದು ಇವೆಲ್ಲ ಅಮೂಲ್ಯವಾದ ನಿಮಿಷಗಳನ್ನು ಕಳೆಯುತ್ತವೆ, ಕೆಲವೊಮ್ಮೆ ವಾಂತಿ ಶ್ವಾಸಕೋಶಕ್ಕೆ ಹೋಗುವಂತೆ ಮಾಡುತ್ತವೆ. ಅಂಗಾತ ಮಲಗಿಸಿ ಉಸಿರಾಟ ನೋಡಬೇಕು. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ ಅಂಗೈಯಿಂದ ಗಟ್ಟಿಯಾಗಿ, ವೇಗವಾಗಿ ಮೂವತ್ತು ಸಲ ಒತ್ತಿ ಮತ್ತೆ ಎರಡು ಉಸಿರು. 108ರ ವಾಹನ ಬರುವವರೆಗೆ ಇದನ್ನು ನಿಲ್ಲಿಸಬಾರದು. ಚೇತರಿಸಿಕೊಂಡು ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಅನಂತರ ಕಾಣಿಸಿಕೊಳ್ಳುವುದುಂಟು. ನಮ್ಮ ಹಳ್ಳಿಗಳ ಯುವಕ ಸಂಘಗಳು ಹತ್ತಿರದ ಆರೋಗ್ಯ ಕೇಂದ್ರದವರನ್ನು ಕರೆಸಿ ಇದನ್ನು ಒಮ್ಮೆ ಕೈಯಾರೆ ಕಲಿತರೆ ಕೆರೆ, ಕೃಷಿಹೊಂಡಗಳ ಬಳಿಯೂ ಉಪಯೋಗಕ್ಕೆ ಬಂದೀತು.

ಕುಡಿಯುವ ನೀರಿನ ವಿಷಯಕ್ಕೆ ಬರೋಣ. ಶರತ್ಕಾಲದ ನೀರನ್ನು ಚರಕಸಂಹಿತೆಯು ಹಂಸೋದಕವೆಂದು ಕೊಂಡಾಡುತ್ತದೆ. ಹಗಲು ಸೂರ್ಯನಿಂದ ಕಾಯ್ದು, ಇರುಳು ಚಂದ್ರನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ನೀರು ಅಮೃತಕ್ಕೆ ಸಮಾನವೆಂದು ಅದರ ಭಾವ. ಈ ಮಾತನ್ನು ಕೇಳಿದ ಭಕ್ತರೊಬ್ಬರು ನದಿಯ ನೀರನ್ನೇ ಬಾಟಲಿಗೆ ತುಂಬಿಕೊಳ್ಳಹೊರಟಿದ್ದರು. ಮಳೆಯ ಕೆಸರು ತಳಕ್ಕಿಳಿದು ನೀರು ತಿಳಿಯಾಗುವ ಕಾಲವನ್ನು ಆ ಗ್ರಂಥಕಾರರು ಸೂಕ್ಷ್ಮವಾಗಿ ಗಮನಿಸಿದ್ದರು ಎಂಬುದು ನಿಜ. ಆದರೆ ಅವರ ಕಾಲದ ನದಿಗೆ ಪಟ್ಟಣಗಳ ಚರಂಡಿ ಸೇರುತ್ತಿರಲಿಲ್ಲ, ಗದ್ದೆಗಳಿಗೆ ಸುರಿದ ರಾಸಾಯನಿಕವೂ ಹರಿದು ಬರುತ್ತಿರಲಿಲ್ಲ. ತಿಳಿಯಾಗಿ ಕಾಣುವ ನೀರಿನಲ್ಲೇ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳ ಬೀಜವಿರುತ್ತದೆ. ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನು ತಲೆಗೆ ಎರಡು ಲೀಟರಿನಂತೆ ಒಯ್ಯಿರಿ. ಹಂಸೋದಕ ಬೇಕೆಂದವರು ಆ ಪಾತ್ರೆಯನ್ನೇ ಹಿಂದಿನ ರಾತ್ರಿ ಮುಚ್ಚಿ ಬೆಳದಿಂಗಳಿನಲ್ಲಿ ಇಡಬಹುದು.

ಕಾಲಿನಲ್ಲಿ ಗಾಯ, ಬಿರುಕು ಇರುವವರು ದಂಡೆಯ ಕೆಸರಿನಲ್ಲಿ ಇಳಿಯಬಾರದು. ನೆರೆ ಇಳಿದ ಮೇಲಿನ ಕೆಸರಿನಲ್ಲಿ ಇಲಿ, ಹೆಗ್ಗಣಗಳ ಮೂತ್ರ ಬೆರೆತಿದ್ದು, ಚರ್ಮದ ಬಿರುಕಿನಿಂದ ಇಲಿಜ್ವರ ತಗಲುತ್ತದೆ. ಮನೆಗೆ ಬಂದ ಒಂದೆರಡು ವಾರಗಳಲ್ಲಿ ಚಳಿಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಬಳಿ ಹೋಗಿ, ತಾವು ನೀರಿನಲ್ಲಿ ಇಳಿದಿದ್ದ ಮಾತನ್ನು ಮರೆಯದೆ ಹೇಳಬೇಕು. ಆ ಒಂದು ಮಾತಿನಿಂದ ಚಿಕಿತ್ಸೆ ಬೇಗ ಆರಂಭವಾಗುತ್ತದೆ. ಗದ್ದೆಯಲ್ಲಿ ದುಡಿಯುವವರಿಗೂ ಇದು ಅನ್ವಯ.

ಸಂಜೆಯ ದೀಪಾಲಂಕಾರ, ಸಂಗೀತದ ಕಾರಂಜಿ ನೋಡದೆ ಮಕ್ಕಳು ಹೊರಡಲಾರರು. ಅಷ್ಟು ಹೊತ್ತಿಗೆ ಸೊಳ್ಳೆಯೂ ಬರುತ್ತದೆ. ಈ ನೀರಿಗೂ ಜ್ವರಕ್ಕೂ ಹಳೆಯ ನಂಟಿದೆ. ನಾಲೆಯ ನೀರು ಬಂದ ಮೊದಲ ವರ್ಷಗಳಲ್ಲಿ ಮಂಡ್ಯದ ಸೀಮೆಯಲ್ಲಿ ಮಲೇರಿಯಾ ಹಬ್ಬಿತು. ಕಬ್ಬು, ಬತ್ತ ಬೆಳೆದು ಕಾಸು ಕಂಡ ಮನೆಗಳಲ್ಲೇ ಜನ ಕಂಬಳಿ ಹೊದ್ದು ನಡುಗುತ್ತ ಮಲಗಿದರು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು 1930ರ ಆಸುಪಾಸಿನಲ್ಲಿ ಸೊಳ್ಳೆಗಳ ಅಧ್ಯಯನಕ್ಕೂ ನಿಯಂತ್ರಣಕ್ಕೂ ತೊಡಗಬೇಕಾಯಿತು. ಇಂದು ಮಲೇರಿಯಾ ಬಹಳ ಮಟ್ಟಿಗೆ ಇಳಿದಿದೆ. ಆದರೆ ಹಗಲಿನಲ್ಲಿ ಕಚ್ಚುವ ಸೊಳ್ಳೆಯಿಂದ ಬರುವ ಡೆಂಗಿ ಆ ಜಾಗವನ್ನು ತುಂಬುತ್ತಿದೆ. ಮಕ್ಕಳಿಗೆ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ತೊಡಿಸಿ ಕರೆತನ್ನಿ. ಕಾರಂಜಿಯ ತುಂತುರಿಗೆ ಒದ್ದೆಯಾದ ಬಟ್ಟೆಯಲ್ಲೇ ಬಸ್ಸಿನ ಕಿಟಕಿಗೆ ಕೂರಿಸಬೇಡಿ. ಆಶ್ವಯುಜದ ರಾತ್ರಿಯ ಇಬ್ಬನಿ ಗಾಳಿ ಆಸ್ತಮಾ ಇರುವ ಮಕ್ಕಳಿಗೂ ಹಿರಿಯರಿಗೂ ಒಗ್ಗದು.

ದಸರೆಯ ಹತ್ತು ದಿನಗಳಲ್ಲಿ ಮೈಸೂರಿಗೆ ಬಂದವರೆಲ್ಲ ಬೃಂದಾವನಕ್ಕೂ ಬರುವುದರಿಂದ ನೂಕುನುಗ್ಗಲು ಹೆಚ್ಚು. ವಯಸ್ಸಾದವರೊಡನೆ ಹೋಗುವವರು ದಸರೆ ಮುಗಿದ ಮೇಲೆ, ಶನಿವಾರ ಭಾನುವಾರಗಳನ್ನು ಬಿಟ್ಟು ಬೇರೆ ದಿನ ನೋಡಿಕೊಳ್ಳಲಿ. ನಮ್ಮ ಬಸ್ಸು ಅಂದು ಪಾಂಡವಪುರ ದಾಟುವಾಗಲೇ ಮಕ್ಕಳೆಲ್ಲ ನಿದ್ದೆಹೋಗಿದ್ದರು. ಹಿರಿಯ ತಾಯಿ ಮಾತ್ರ ಎಚ್ಚರವಾಗಿದ್ದು, ಮುಂದಿನ ಸಲ ಬರ ಬಿದ್ದಾಗ ಆ ಮುಳುಗಿದ ಊರು ಕಾಣಿಸೀತೇ ಎಂದು ಕೇಳಿದರು. ಗುಡಿಯನ್ನು ಮೇಲಕ್ಕೆ ತಂದಾಯಿತಲ್ಲ, ಇನ್ನೇನು ಉಳಿದಿದ್ದರೆ ಮನೆಗಳ ತಳಪಾಯವಷ್ಟೇ ಎಂದೆವು. "ಹಂಗಾರೆ ಕಾಣ್ದೇ ಇರ್ಲಿ ಬುಡಿ, ಮಳೆ ಬರ್ಲಿ" ಎಂದು ಅವರು ಸೆರಗನ್ನು ಕಿವಿಯ ಸುತ್ತ ಬಿಗಿದುಕೊಂಡರು.